ಆಟೋಮ್ಯಾಟಿಕ್ ಕಾರು ಗೇರಿಗೆ ತಡವರಿಸಿದರೆ

ಕ್ಲಚ್ ತುಳಿಯುವ ರಗಳೆಯಿಲ್ಲ, ಗೇರ್ ಹುಡುಕುವ ಗೋಜಿಲ್ಲ. ಎರಡು ಪೆಡಲ್, ಒಂದು ಲಿವರ್, ಅಷ್ಟೇ. ಮಕ್ಕಳನ್ನು ಶಾಲೆಗೆ ಬಿಡುವ ತಾಯಂದಿರಿಗೆ, ಮಂಡಿನೋವಿನ ಹಿರಿಯರಿಗೆ, ಗಲ್ಫ್‌ನಲ್ಲಿ ವರ್ಷಗಟ್ಟಲೆ ಆಟೋಮ್ಯಾಟಿಕ್ ಓಡಿಸಿ ಊರಿಗೆ ಮರಳಿದವರಿಗೆ ಈ ಕಾರು ಹಿಡಿಸಿರುವುದು ಇದೇ ಕಾರಣಕ್ಕೆ. ಒಂದು ಕಾಲದಲ್ಲಿ ನಮ್ಮಲ್ಲಿ ಅದು ಸಿರಿವಂತರ ಕಾರು. 2014ರಲ್ಲಿ ಮಾರುತಿ ಸೆಲೆರಿಯೋ ಕ್ಲಚ್ ಪೆಡಲ್ ಇಲ್ಲದೆ ಬಂದ ಬಳಿಕ ಸಾಧಾರಣ ಸಂಸಾರಗಳ ಅಂಗಳಕ್ಕೂ ಅದು ಕಾಲಿಟ್ಟಿತು.

ಆದರೆ ಈ ಸುಖದ ಬೆನ್ನಿಗೇ ಒಂದು ಭಯವೂ ಇದೆ. ಒಂದು ಬೆಳಿಗ್ಗೆ ಲಿವರನ್ನು ಡಿಗೆ ಎಳೆದರೆ ಕಾರು ಎರಡು ಕ್ಷಣ ಸುಮ್ಮನೆ ನಿಂತು, ಆಮೇಲೆ ಧಡಕ್ಕನೆ ಮುಂದಕ್ಕೆ ಜಿಗಿಯುತ್ತದೆ. ಅಥವಾ ಹೆದ್ದಾರಿಯಲ್ಲಿ ಎಕ್ಸಿಲೇಟರ್ ಒತ್ತಿದಷ್ಟೂ ಇಂಜಿನ್ ಕೂಗುತ್ತದೆ, ವೇಗ ಮಾತ್ರ ಏರುವುದಿಲ್ಲ. ಗ್ಯಾರೇಜಿಗೆ ಕೊಂಡೊಯ್ದರೆ ಸಿಗುವ ಉತ್ತರ ಒಂದೇ: “ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು.” ಜೊತೆಗೆ ಹೇಳುವ ಮೊತ್ತ ಕೆಲವೊಮ್ಮೆ ಲಕ್ಷ ದಾಟುತ್ತದೆ. ಮಗಳ ಕಾಲೇಜು ಫೀಸಿಗೆಂದು ಎತ್ತಿಟ್ಟ ಹಣ ಅದು ಎಂಬುದು ಗ್ಯಾರೇಜಿನವರಿಗೆ ಗೊತ್ತಿರುವುದಿಲ್ಲ.

ಆ ಮಾತಿಗೆ ತಲೆಯಾಡಿಸುವ ಮುನ್ನ ಸ್ವಲ್ಪ ತಾಳಿ. ಗೇರ್‌ಬಾಕ್ಸ್ ನಿಜವಾಗಿಯೂ ಕೆಡುವುದುಂಟು. ಆದರೆ ಅದೇ ಲಕ್ಷಣಗಳು ಆಯಿಲ್ ಕಡಿಮೆಯಾದಾಗ, ಬ್ಯಾಟರಿ ಸೋತಾಗ, ಒಂದು ಸೆನ್ಸರ್ ಕೈಕೊಟ್ಟಾಗ ಅಥವಾ ಒಂದು ವೈರನ್ನು ಇಲಿ ಕಡಿದಾಗಲೂ ಬರುತ್ತವೆ. ಕಡಿಮೆ ಖರ್ಚಿನ ಕಾರಣಗಳನ್ನು ಮೊದಲು ನೋಡಿ, ಅವು ಯಾವುದೂ ಅಲ್ಲವೆಂದು ಖಾತ್ರಿಯಾದ ಮೇಲಷ್ಟೇ ಗೇರ್‌ಬಾಕ್ಸಿಗೆ ಕೈ ಹಾಕಬೇಕು. ರಿಪೇರಿ ನಾವು ಮಾಡಲಾರೆವು ನಿಜ. ಆದರೆ ನೋಡುವುದು, ಬರೆದಿಡುವುದು, ಕೇಳುವುದು ನಮ್ಮಿಂದಾಗುವ ಕೆಲಸವೇ.

ನಿಮ್ಮದು ಯಾವ ಗೇರ್‌ಬಾಕ್ಸ್?

ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. “ಆಟೋಮ್ಯಾಟಿಕ್” ಎಂಬ ಒಂದೇ ಹೆಸರಿನಡಿ ನಾಲ್ಕು ಬಗೆಯ ಯಂತ್ರಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ನಾಟದು.

ಹಳೆಯ, ಗಟ್ಟಿ ಬಗೆಯದು ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟ್ ಕೊಡಿ. ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಇಲ್ಲಿ ಗಾಳಿಯ ಬದಲು ಎಣ್ಣೆ, ಅಷ್ಟೇ ವ್ಯತ್ಯಾಸ. ಇಂಜಿನ್ ಒಂದು ಚಕ್ರವನ್ನು ತಿರುಗಿಸುತ್ತದೆ, ಅದು ತಳ್ಳಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಗಲ್ಫ್‌ನ ಹಳೆಯ ಕೊರೊಲ್ಲಾ, ನಮ್ಮ ಇನ್ನೋವಾ ಕ್ರಿಸ್ಟಾ ಈ ಜಾತಿಯವು. ಎರಡನೆಯದು ಎಎಂಟಿ. ಇದು ಮಾಮೂಲು ಮ್ಯಾನುವಲ್ ಗೇರ್‌ಬಾಕ್ಸೇ. ನಮ್ಮ ಕೈಕಾಲಿನ ಬದಲು ಒಂದು ಸಣ್ಣ ಯಂತ್ರ ಕ್ಲಚ್ ಒತ್ತಿ ಗೇರ್ ಹಾಕುತ್ತದೆ. ಸೆಲೆರಿಯೋ, ವ್ಯಾಗನ್ ಆರ್, ಟಿಯಾಗೋ, ಕ್ವಿಡ್‌ಗಳಲ್ಲಿ ಇರುವುದು ಇದು. ಮೂರನೆಯದು ಸಿವಿಟಿ. ಇದರಲ್ಲಿ ಗೇರ್ ಹಲ್ಲುಗಳ ಬದಲು ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ನಾಲ್ಕನೆಯದು ಡಿಸಿಟಿ. ಎರಡು ಕ್ಲಚ್‌ಗಳ ಈ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್‌ನವರು ಡಿಎಸ್‌ಜಿ ಎನ್ನುತ್ತಾರೆ.

ಗುರುತಿಸಲು ಒಂದು ಸುಲಭ ದಾರಿ: ಲಿವರಿನ ಪಕ್ಕ ‘ಪಿ’ ಅಕ್ಷರ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಎಎಂಟಿ. ಉಳಿದವಕ್ಕೆ ಕಾರಿನ ಪುಸ್ತಕ ನೋಡಿ. ಕಾರಿನ ಹೆಸರನ್ನಷ್ಟೇ ನಂಬಬೇಡಿ. ಹೋಂಡಾ ಸಿಟಿಯನ್ನೇ ನೋಡಿ: 2008ರಲ್ಲಿ ಬಂದ ಪೀಳಿಗೆಯಲ್ಲಿ ಟಾರ್ಕ್ ಕನ್ವರ್ಟರ್ ಇತ್ತು, 2014ರಲ್ಲಿ ಬಂದದ್ದರಲ್ಲಿ ಸಿವಿಟಿ. ಎರಡಕ್ಕೂ ಬೇಕಾದ ಆಯಿಲ್ ಬೇರೆ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಸುರಿದರೆ ಇಲ್ಲದ ತೊಂದರೆಯನ್ನು ಮನೆಗೆ ಕರೆದಂತೆ.

ಡಾಕ್ಟರಿಗೆ ಹೇಳುವ ಹಾಗೆ ಹೇಳಿ

“ಗೇರ್ ಸರಿಯಿಲ್ಲ” ಎಂದಷ್ಟೇ ಹೇಳಿದರೆ ಮೆಕ್ಯಾನಿಕ್‌ಗೆ ಏನೂ ಹೇಳಿದಂತಾಗಲಿಲ್ಲ. ಜ್ವರ ಯಾವಾಗ ಬರುತ್ತದೆ, ಚಳಿ ಇದೆಯೇ ಎಂದು ಡಾಕ್ಟರು ಕೇಳುವಂತೆ ಇಲ್ಲೂ ವಿವರ ಬೇಕು. ಬೆಳಿಗ್ಗೆ ತಣ್ಣಗಿರುವಾಗಲೇ, ಅರ್ಧ ಗಂಟೆ ಓಡಿಸಿದ ಮೇಲೆಯೇ? ಎಷ್ಟು ವೇಗದಲ್ಲಿ? ಆಗ ಆರ್‌ಪಿಎಂ ಮುಳ್ಳು ಎಲ್ಲಿತ್ತು? ಏರಿನಲ್ಲೋ, ಸಪಾಟಿನಲ್ಲೋ? ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಮೀಟರಿನ ವಿಡಿಯೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಗ್ಯಾರೇಜಿನ ಅಂಗಳಕ್ಕೆ ಹೋದ ಕೂಡಲೇ ಕಾರು ಒಳ್ಳೆಯ ಮಗುವಿನಂತೆ ವರ್ತಿಸುವುದು ಎಲ್ಲರ ಅನುಭವ.

ಟಾರ್ಕ್ ಕನ್ವರ್ಟರ್ ಕಾರಿನಲ್ಲಿ ಒಂದು ಸರಳ ಪರೀಕ್ಷೆಯನ್ನು ನೀವೇ ಮಾಡಬಹುದು. ಇಂಜಿನ್ ಬಿಸಿಯಾಗಿರಲಿ, ಮುಂದೆ ಹಿಂದೆ ಯಾರೂ ಇರದಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಗಟ್ಟಿಯಾಗಿ ತುಳಿದು, ಲಿವರನ್ನು ಎನ್‌ನಿಂದ ಡಿಗೆ ತನ್ನಿ. ಗೇರ್ ಹಿಡಿದ ಸಣ್ಣ ಕುಲುಕು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಗಮನಿಸಿ. ಟೊಯೋಟಾದ ರಿಪೇರಿ ಪುಸ್ತಕಗಳ ಲೆಕ್ಕದಲ್ಲಿ ಡಿಗೆ 1.2 ಸೆಕೆಂಡ್, ಆರ್‌ಗೆ 1.5 ಸೆಕೆಂಡಿನೊಳಗೆ ಬರಬೇಕು. ಎರಡರಲ್ಲೂ ತಡವಾದರೆ ಎಣ್ಣೆಯ ಒತ್ತಡವೇ ಕಡಿಮೆ ಇರಬಹುದು, ಮೊದಲು ಆಯಿಲ್ ನೋಡಬೇಕು. ಒಂದರಲ್ಲಿ ಮಾತ್ರ ತಡವಾದರೆ ಸಂಶಯ ಆ ಗೇರಿನ ಕ್ಲಚ್‌ಗಳ ಮೇಲೆ. ಬ್ರೇಕ್ ತುಳಿದುಕೊಂಡೇ ಪೂರ್ತಿ ಎಕ್ಸಿಲೇಟರ್ ಒತ್ತಿ ನೋಡುವ ಇನ್ನೊಂದು ಪರೀಕ್ಷೆ ಇದೆ. ಅದನ್ನು ಮನೆಯಲ್ಲಿ ಮಾಡಲೇಬೇಡಿ. ಕೆಲವೇ ಸೆಕೆಂಡುಗಳಲ್ಲಿ ಎಣ್ಣೆ ಸುಡುವಷ್ಟು ಬಿಸಿಯಾಗುತ್ತದೆ, ಬ್ರೇಕ್ ಜಾರಿದರೆ ಅನಾಹುತವೂ ಆಗುತ್ತದೆ.

ಇನ್ನೊಂದು ದೂರು ತುಂಬ ಸಾಮಾನ್ಯ. ಗಂಟೆಗೆ 50-80 ಕಿ.ಮೀ. ವೇಗದಲ್ಲಿ ಹಗುರವಾಗಿ ಎಕ್ಸಿಲೇಟರ್ ಒತ್ತಿದಾಗ, ಸಾಲು ಸಾಲು ಸಣ್ಣ ಹಂಪ್‌ಗಳ ಮೇಲೆ ಹೋದಂತೆ ಕಾರು ನಡುಗುವುದು. ಟಾರ್ಕ್ ಕನ್ವರ್ಟರಿನೊಳಗೆ ಲಾಕ್‌ಅಪ್ ಎಂಬ ಒಂದು ಕ್ಲಚ್ ಇದೆ. ವೇಗ ಹಿಡಿದ ಮೇಲೆ ಎರಡು ಚಕ್ರಗಳನ್ನು ಒಂದಾಗಿ ಬಂಧಿಸುವುದು ಅದರ ಕೆಲಸ. ಎಣ್ಣೆ ಹಳತಾದರೆ ಅದು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಎಷ್ಟೋ ಕಾರುಗಳಲ್ಲಿ ಸರಿಯಾದ ಆಯಿಲ್ ಬದಲಿಸಿದ್ದಕ್ಕೇ ಈ ನಡುಕ ನಿಂತಿದೆ. ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ಕೆಟ್ಟರೂ ಹೆಚ್ಚುಕಡಿಮೆ ಇದೇ ಥರ ನಡುಗುತ್ತದೆ. ಪರೀಕ್ಷಿಸಲು, ನಡುಕ ಬಂದಾಗ ಬ್ರೇಕ್ ಪೆಡಲನ್ನು ಎಡಗಾಲಿನಿಂದಲ್ಲ, ಬಲಗಾಲಿನಿಂದಲೇ ಒಮ್ಮೆ ಮೆಲ್ಲಗೆ ಮುಟ್ಟಿ ಮತ್ತೆ ಎಕ್ಸಿಲೇಟರ್‌ಗೆ ಬನ್ನಿ. ಬ್ರೇಕ್ ಮುಟ್ಟಿದೊಡನೆ ಲಾಕ್‌ಅಪ್ ಬಿಡುತ್ತದೆ. ನಡುಕ ನಿಂತು, ಮತ್ತೆ ಲಾಕ್‌ಅಪ್ ಹಿಡಿದಾಗ ಮರುಕಳಿಸಿದರೆ ದೋಷ ಅಲ್ಲೇ ಇರುವ ಸಂಭವ ಹೆಚ್ಚು. ಹಿಂದೆ ವಾಹನ ಇಲ್ಲದಾಗ ಮಾತ್ರ ಇದನ್ನು ಮಾಡಿ.

ಎಣ್ಣೆ ಹೇಳುವ ಕಥೆ

ಗೇರ್‌ಬಾಕ್ಸಿನ ಆಯಿಲ್ ಇಂಜಿನ್ ಆಯಿಲಿನಂತೆ ಬರೀ ಜಾರಲು ಇರುವುದಲ್ಲ. ಬಲ ಸಾಗಿಸುವುದು, ಕ್ಲಚ್‌ಗಳನ್ನು ಒತ್ತಿ ಹಿಡಿಯುವುದು, ಬಿಸಿಯನ್ನು ಹೊತ್ತೊಯ್ಯುವುದು ಎಲ್ಲವೂ ಅದೇ. ಅರ್ಧ ಲೀಟರ್ ಕಡಿಮೆಯಾದರೂ ಏರು ಹತ್ತುವಾಗ, ತಿರುವಿನಲ್ಲಿ ಗೇರ್ ಜಾರಬಹುದು. ಅತಿಯಾದರೆ ನೊರೆಯಾಗಿ ಅದೇ ತೊಂದರೆ. ಒಂದು ಮಾತು ನೆನಪಿಡಿ: ಈ ಆಯಿಲ್ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವುದನ್ನು ಹುಡುಕದೆ ಮೇಲಿಂದ ತುಂಬಿಸಿ ಕಳಿಸುವ ಗ್ಯಾರೇಜು ಅರ್ಧ ಕೆಲಸ ಮಾಡಿದಂತೆ.

ಡಿಪ್‌ಸ್ಟಿಕ್ ಇರುವ ಕಾರಾದರೆ ಹದಿನೈದಿಪ್ಪತ್ತು ನಿಮಿಷ ಓಡಿಸಿ, ಸಪಾಟು ನೆಲದಲ್ಲಿ ನಿಲ್ಲಿಸಿ, ಬ್ರೇಕ್ ತುಳಿದು ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು ಪಿಗೆ ತಂದು, ಇಂಜಿನ್ ಓಡುತ್ತಿರುವಾಗಲೇ ಅಳತೆ ನೋಡುವುದು ಹೆಚ್ಚಿನ ಕಾರುಗಳ ಕ್ರಮ. ಹಲವು ಹೋಂಡಾ ಕಾರುಗಳಲ್ಲಿ ಮಾತ್ರ ಬಿಸಿಯಾದ ಇಂಜಿನ್ ಆಫ್ ಮಾಡಿ ಒಂದರಿಂದ ಒಂದೂವರೆ ನಿಮಿಷದೊಳಗೆ ನೋಡಬೇಕು. ಈಗಿನ ಎಷ್ಟೋ ಕಾರುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಕಾರನ್ನು ಮೇಲೆತ್ತಿ, ಎಣ್ಣೆಯ ಉಷ್ಣತೆಯನ್ನು ಸ್ಕ್ಯಾನರಿನಲ್ಲಿ ನೋಡುತ್ತಾ ತಳದ ಬೋಲ್ಟ್ ಬಿಚ್ಚಿ ಮಟ್ಟ ನೋಡಬೇಕು. ಅಂದಾಜಿನಲ್ಲಿ ಸುರಿಯುವವರಿಂದ ದೂರವಿರಿ.

ಹತ್ತಿಯ ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು ನೋಡಿ. ಮಾಮೂಲಾಗಿ ಹೊಸ ಎಟಿಎಫ್ ದಾಳಿಂಬೆ ಶರಬತ್ತಿನ ಹಾಗೆ ಕೆಂಪು (ಎಲ್ಲವೂ ಅಲ್ಲ, ಸಿವಿಟಿ ಆಯಿಲ್ ಹಸಿರು, ನೀಲಿ ಕೂಡ ಇರುತ್ತದೆ). ಕಂದಾಗಿದ್ದರೆ ವಯಸ್ಸಾಗಿದೆ. ಕಪ್ಪಾಗಿ, ಒಗ್ಗರಣೆ ಸೀದಂಥ ವಾಸನೆ ಬರುತ್ತಿದ್ದರೆ ಒಳಗೆ ಕ್ಲಚ್‌ಗಳು ಸುಟ್ಟಿವೆ. ಗುಲಾಬಿ ಮಿಲ್ಕ್‌ಶೇಕಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಕಾರನ್ನು ಅಲ್ಲಿಂದ ಮುಂದಕ್ಕೆ ಓಡಿಸಬೇಡಿ. ಗಲ್ಫ್‌ನಲ್ಲಿ ಜನಪ್ರಿಯವಾಗಿದ್ದ ನಿಸ್ಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾಗಳಿಗೆ ಈ ಕಥೆ ಚೆನ್ನಾಗಿ ಗೊತ್ತು. 2005ರಿಂದ 2010ರವರೆಗಿನ ಆ ಮಾಡೆಲ್‌ಗಳಲ್ಲಿ ರೇಡಿಯೇಟರಿನೊಳಗಿದ್ದ ಎಣ್ಣೆ ತಂಪಾಗಿಸುವ ಕೊಳವೆ ಬಿರುಕು ಬಿಟ್ಟು ಕೂಲಂಟ್ ಗೇರ್‌ಬಾಕ್ಸಿಗೆ ನುಗ್ಗುತ್ತಿತ್ತು. ಅಮೆರಿಕದಲ್ಲಿ ಕಂಪನಿ ಆ ರೇಡಿಯೇಟರಿನ ವಾರಂಟಿಯನ್ನೇ ವಿಸ್ತರಿಸಬೇಕಾಯಿತು. ಗೇರ್‌ಬಾಕ್ಸ್ ಬದಲಿಸಿ ರೇಡಿಯೇಟರ್ ಹಾಗೇ ಬಿಟ್ಟಿದ್ದರೆ ಹೊಸದೂ ಮಣ್ಣುಪಾಲು.

“ಹಳೇ ಕಾರಿನ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸ್ ಕೆಡುತ್ತದೆ” ಎಂಬ ಮಾತನ್ನು ನೀವು ಕೇಳಿರಬಹುದು. ಅದರಲ್ಲಿ ಚೂರು ನಿಜವಿದೆ, ಉಳಿದದ್ದು ಹೆದರಿಕೆ. ಕ್ಲಚ್ ಆಗಲೇ ಸವೆದು ಜಾರುತ್ತಿದ್ದರೆ ಹೊಸ ಆಯಿಲ್ ಅದನ್ನು ಬದುಕಿಸದು. ಹಾಳಾಗಿದ್ದು ಆಯಿಲ್ ಬದಲಿಸಿದ ವಾರವೇ ಕೈಕೊಟ್ಟರೆ ಅಪವಾದ ಆಯಿಲಿಗೆ. ಆದರೆ ಗೇರ್ ಇನ್ನೂ ಸರಿಯಾಗಿ ಬೀಳುತ್ತಿದ್ದು ಆಯಿಲ್ ಮಾತ್ರ ಕಂದಾಗಿದ್ದರೆ ಬದಲಿಸುವುದೇ ಸರಿ. ಒಮ್ಮೆ ಇಳಿಸಿದಾಗ ಅರ್ಧಕ್ಕಿಂತ ಹೆಚ್ಚು ಹಳೆಯ ಎಣ್ಣೆ ಒಳಗೇ ಉಳಿಯುವುದರಿಂದ, ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಬದಲಿಸಿದರೆ ಒಳ್ಳೆಯದು. ಮೆಷಿನ್ ಹಚ್ಚಿ ಒತ್ತಡದಿಂದ ತೊಳೆಯುವ ಫ್ಲಶ್ ಹಳೆಯ ಕಾರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ತಳದ ತಟ್ಟೆ ಬಿಚ್ಚುವಾಗ ನೀವೂ ಅಲ್ಲಿರಿ. ಅದರಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಅದಕ್ಕೆ ನಯವಾದ ಬೂದು ಹಿಟ್ಟಿನಂಥದ್ದು ಮೆತ್ತಿಕೊಂಡಿದ್ದರೆ ಹೆದರಬೇಕಿಲ್ಲ, ಅದು ಸಹಜ ಸವೆತ. ಲೋಹದ ಚೂರುಗಳು, ಹೊಳೆಯುವ ಸಿಪ್ಪೆಗಳು ಸಿಕ್ಕಿದರೆ ಮಾತ್ರ “ಇಳಿಸಬೇಕು” ಎಂಬ ಮಾತಿಗೆ ಬಲ ಬಂತು.

ಗೇರ್‌ಬಾಕ್ಸಿನ ಹೊರಗಿರುವ ಕಳ್ಳರು

ಲಿವರ್ ಪಿಯಿಂದ ಅಲುಗುವುದೇ ಇಲ್ಲವೇ? ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ತುಳಿಯಿರಿ. ಬ್ರೇಕ್ ಲೈಟ್ ಹತ್ತದಿದ್ದರೆ ದೋಷ ಪೆಡಲಿನ ಮೇಲಿರುವ ಸಣ್ಣ ಸ್ವಿಚ್ಚಿನದ್ದೋ ಫ್ಯೂಸಿನದ್ದೋ ಇರಬಹುದು. ಬ್ರೇಕ್ ತುಳಿದಿದ್ದಾರೆ ಎಂಬುದು ಗೊತ್ತಾಗದೆ ಕಾರು ಲಿವರನ್ನು ಬಿಡುವುದಿಲ್ಲ. ಕೆಲವೇ ನೂರು ರೂಪಾಯಿಯ ಬಾಬತ್ತು. ಹಲವು ಕಾರುಗಳಲ್ಲಿ ಲಿವರಿನ ಪಕ್ಕ ಸಣ್ಣ ಮುಚ್ಚಳವಿದ್ದು, ಅದರೊಳಗಿನ ಗುಂಡಿ ಒತ್ತಿ ಲಿವರನ್ನು ಬಿಡಿಸಬಹುದು.

ಬ್ಯಾಟರಿ ಸೋತರೆ ಗೇರ್‌ಬಾಕ್ಸಿನ ಕಂಪ್ಯೂಟರೂ ತಡವರಿಸುತ್ತದೆ. ಎಎಂಟಿಯಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಗೇರ್ ಹಾಕುವ ಪಂಪಿಗೇ ಕರೆಂಟ್ ಸಾಲದು. ಡಿಗೆ ಹಾಕಿದಾಗ ದಢ್ ಎಂದು ಹೊಡೆದರೆ ಇಂಜಿನ್ ಮೌಂಟಿನ ರಬ್ಬರ್ ಹರಿದಿರಬಹುದು. ಗೇರ್ ಸರಿಯಾಗಿಯೇ ಬೀಳುತ್ತಿರುತ್ತದೆ, ಇಂಜಿನ್ನೇ ಎದ್ದು ಕೂರುತ್ತಿರುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಗೂಡು ಕಟ್ಟುವ ಇಲಿ ಹೆಗ್ಗಣಗಳ ಕಾಟವಂತೂ ನಮ್ಮ ಊರುಗಳಲ್ಲಿ ಹೇಳತೀರದು.

ಕಾರು ಒಂದೇ ಗೇರಿನಲ್ಲಿ, ಸಾಮಾನ್ಯವಾಗಿ ಎರಡು ಅಥವಾ ಮೂರರಲ್ಲಿ ಸಿಕ್ಕಿಕೊಂಡು, ಮೀಟರಿನಲ್ಲಿ ದೀಪ ಹತ್ತಿದರೆ ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಎಂದರ್ಥ. ಯಾವುದೋ ಸೆನ್ಸರಿನ ಲೆಕ್ಕ ತಪ್ಪಿದಾಗ ಕಂಪ್ಯೂಟರು ಉಳಿದ ಗೇರುಗಳನ್ನು ಮುಚ್ಚಿ, ಹೇಗೋ ಗ್ಯಾರೇಜು ಮುಟ್ಟುವಷ್ಟು ದಾರಿ ಬಿಡುತ್ತದೆ. ಆಗ ಬ್ಯಾಟರಿ ವೈರ್ ಕಿತ್ತು ಹಾಕಿ ದೀಪ ಆರಿಸಬೇಡಿ, ಸಾಕ್ಷಿ ಅಳಿಸಿಹೋಗುತ್ತದೆ. ಮೊದಲು ಸ್ಕ್ಯಾನರಿನಲ್ಲಿ ಕೋಡ್ ಓದಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ಪಿ0700 ಎಂದರೆ ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಏನೋ ಹೇಳಲಿಕ್ಕಿದೆ ಎಂದಷ್ಟೇ. ಅಸಲು ವಿಷಯ ಅದರ ಹಿಂದಿನ ಕೋಡಿನಲ್ಲಿರುತ್ತದೆ. ಪಿ0715, ಪಿ0720 ವೇಗ ಅಳೆಯುವ ಸೆನ್ಸರ್‌ಗಳವು. ಪಿ0741 ಲಾಕ್‌ಅಪ್ ಕ್ಲಚ್ಚಿನದು. ಪಿ0730 ಎಂದರೆ ಹಾಕಿದ ಗೇರಿಗೂ ತಿರುಗಿದ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ, ಎಲ್ಲೋ ಜಾರುತ್ತಿದೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಸ್ಕ್ಯಾನರ್‌ಗಳು ಎಷ್ಟೋ ಸಲ ಇಂಜಿನ್ನಿನ ಕೋಡ್‌ಗಳನ್ನಷ್ಟೇ ಓದುತ್ತವೆ. ಕೋಡ್ ತೋರಿಸುವುದು ತೊಂದರೆ ಇರುವ ದಾರಿಯನ್ನು, ಬದಲಿಸಬೇಕಾದ ಪಾರ್ಟನ್ನಲ್ಲ. ಸೊಲೆನಾಯ್ಡ್ ಕೋಡ್ ಬಂದರೆ ಮೊದಲು ಅದರ ವೈರು, ಪ್ಲಗ್ ನೋಡಬೇಕು. ಸೊಲೆನಾಯ್ಡೇ ಹೋಗಿದ್ದರೂ ಅನೇಕ ಕಾರುಗಳಲ್ಲಿ ತಳದ ತಟ್ಟೆ ಬಿಚ್ಚಿ ಬದಲಿಸಬಹುದು, ಗೇರ್‌ಬಾಕ್ಸ್ ಇಳಿಸುವುದೇ ಬೇಡ.

ಘಾಟಿಯಲ್ಲಿ ಎಎಂಟಿ

ಈದ್‌ಗೆ ಬೆಂಗಳೂರಿನಿಂದ ಊರಿಗೆ ಹೊರಟಿದ್ದೀರಿ, ಶಿರಾಡಿಯಲ್ಲಿ ಲಾರಿಗಳ ಸಾಲು. ಬರುವಾಗ ಇಳಿಜಾರು, ಹಿಂತಿರುಗುವಾಗ ಏರು. ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ಎಕ್ಸಿಲೇಟರ್ ಸ್ವಲ್ಪವೇ ಒತ್ತಿ ಹಿಡಿಯುವ ಅಭ್ಯಾಸ ಹಲವರಿಗಿದೆ. ಎಎಂಟಿ ಮತ್ತು ಒಣ ಕ್ಲಚ್ಚಿನ ಡಿಸಿಟಿಗಳಲ್ಲಿ ಇದು ಮ್ಯಾನುವಲ್ ಕಾರಿನಲ್ಲಿ ಹಾಫ್ ಕ್ಲಚ್ ಹಿಡಿದಂತೆಯೇ. ಹತ್ತು ನಿಮಿಷದಲ್ಲಿ ವಾಸನೆ ಬರುತ್ತದೆ, ಆಮೇಲೆ ಗೇರ್ ಬೀಳುವುದಿಲ್ಲ. ಬ್ರೇಕ್ ಅಥವಾ ಹ್ಯಾಂಡ್‌ಬ್ರೇಕ್‌ನಲ್ಲಿ ನಿಲ್ಲಿಸಿ, ಮುಂದಿನ ಲಾರಿ ನಾಲ್ಕಾರು ಮೀಟರ್ ಹೋದ ಮೇಲೆ ಒಮ್ಮೆಗೇ ಹೊರಡಿ. ವಾಸನೆ ಬಂದರೆ ಬದಿಗೆ ನಿಲ್ಲಿಸಿ ಇಪ್ಪತ್ತು ನಿಮಿಷ ಆರಲು ಬಿಡಿ. ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರಿದ್ದಾರೆ, ಯಾವ ಬಗೆಯ ಕಾರಿನಲ್ಲೂ ಅದು ಬೇಡ. ಮ್ಯಾನುವಲ್ ಮೋಡಿಗೋ ಎಲ್‌ಗೋ ತಂದು ಕಡಿಮೆ ಗೇರಿನಲ್ಲಿ ಇಳಿಯಿರಿ.

ಎಎಂಟಿ ಕ್ಲಚ್ ಸವೆದರೆ ಬದಲಿಸುವುದು ಮ್ಯಾನುವಲ್ ಕಾರಿನಷ್ಟೇ ಸಾಮಾನ್ಯ ಕೆಲಸ. ಆದರೆ ಹೊಸ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಕಂಪ್ಯೂಟರಿಗೆ ಸ್ಕ್ಯಾನರ್ ಮೂಲಕ ಕಲಿಸಬೇಕು. ಇದನ್ನು ಬಿಟ್ಟುಬಿಟ್ಟರೆ ಹೊಸ ಕ್ಲಚ್ಚೂ ಜರ್ಕ್ ಹೊಡೆಯುತ್ತದೆ.

“ನಿಮ್ಮ ಡ್ರೈವಿಂಗೇ ಸರಿಯಿಲ್ಲ”

ಈ ಮಾತನ್ನು ಕೇಳದ ಮಹಿಳೆಯರು ಕಡಿಮೆ. ಮೇಲೆ ಹೇಳಿದಂಥ ಅಭ್ಯಾಸದ ತಪ್ಪುಗಳು ಇರುವುದು ಹೌದು. ಆದರೆ ಕಾರಣ ಹುಡುಕುವ ಮೊದಲೇ ಅದನ್ನು ಹೇಳಿದರೆ ಒಪ್ಪಬೇಡಿ. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಂಪನಿಯ ಪವರ್‌ಶಿಫ್ಟ್ ಎಂಬ ಡಿಸಿಟಿ ಗೇರ್‌ಬಾಕ್ಸ್ ಇದ್ದ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳು ನಡುಗುತ್ತಿವೆ ಎಂದು ಜನ ದೂರಿದಾಗ, ಅದು ನಿಮ್ಮ ಓಡಿಸುವ ರೀತಿಯಿಂದ ಎಂದು ಕೆಲವರಿಗೆ ಹೇಳಲಾಯಿತು. ಗೇರ್‌ಬಾಕ್ಸಿನಲ್ಲೇ ದೋಷವಿರುವುದು ಕಂಪನಿಗೆ ಗೊತ್ತಿತ್ತು. ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. 2018ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟು ಕಂಪನಿಗೆ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. 2013ರ ಮಾರ್ಚ್‌ನಲ್ಲಿ ಚೀನಾದಲ್ಲಿ ಫೋಕ್ಸ್‌ವ್ಯಾಗನ್ ಡಿಎಸ್‌ಜಿ ದೋಷಕ್ಕಾಗಿ 3,84,181 ಕಾರುಗಳನ್ನು ವಾಪಸ್ ಕರೆಯಿತು. ಅಷ್ಟೂ ಮಂದಿಗೆ ಕಾರು ಓಡಿಸಲು ಬರುತ್ತಿರಲಿಲ್ಲವೇ?

ಆದ್ದರಿಂದ ನಿಮ್ಮ ಕಾರಿನ ನಂಬರ್ ಹಿಡಿದು, ಈ ದೋಷಕ್ಕೆ ಕಂಪನಿಯಿಂದ ರಿಕಾಲ್, ವಿಸ್ತರಿತ ವಾರಂಟಿ ಅಥವಾ ಸಾಫ್ಟ್‌ವೇರ್ ಅಪ್‌ಡೇಟ್ ಇದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ. ದೂರನ್ನು ಬಾಯಿಮಾತಿನಲ್ಲಿ ಬಿಡದೆ ಜಾಬ್ ಕಾರ್ಡಿನಲ್ಲಿ ಬರೆಸಿ. ಗ್ರಾಹಕರ ವೇದಿಕೆಗೆ ಹೋಗುವ ಪ್ರಸಂಗ ಬಂದರೆ ಆ ಚೀಟಿಯೇ ನಿಮ್ಮ ಸಾಕ್ಷಿ.

ನೀರಲ್ಲಿ ನಿಂತ ಕಾರು

2018ರ ಮೇ 29ರಂದು ಮಂಗಳೂರು ಮುಳುಗಿದ್ದು, 2024ರ ಏಪ್ರಿಲ್ 16ರಂದು ದುಬೈ, ಅಲ್ ಐನ್ ರಸ್ತೆಗಳು ಹೊಳೆಯಾದದ್ದು ನೆನಪಿರಬಹುದು. ಅಲ್ ಐನ್ ಬಳಿ ಅಂದು ಒಂದೇ ದಿನದೊಳಗೆ 254 ಮಿ.ಮೀ. ಮಳೆ ಬಿದ್ದಿತ್ತು. ಗೇರ್‌ಬಾಕ್ಸಿಗೆ ಉಸಿರಾಡಲು ಒಂದು ಸಣ್ಣ ಕೊಳವೆ ಇದೆ. ನೀರು ಅದರ ಮಟ್ಟ ಮುಟ್ಟಿದರೆ ಒಳಗೆ ಸೇರುತ್ತದೆ. ಕ್ಲಚ್ ತಟ್ಟೆಗಳ ಮೇಲಿನ ಪದರವನ್ನು ಅಂಟಿನಿಂದ ಕೂರಿಸಿರುತ್ತಾರೆ. ನೀರು ತಾಗಿದರೆ ಅದು ಏಳುತ್ತದೆ, ಕೆಲವೊಮ್ಮೆ ತಿಂಗಳುಗಳ ನಂತರ. ಹಾಗಾಗಿ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡದೆ ಎತ್ತಿಸಿ ಒಯ್ದು, ಮೊದಲು ಗೇರ್ ಆಯಿಲ್ ನೋಡಿಸಿ. ಆಟೋಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಬರುವುದಿಲ್ಲ. ಹಗ್ಗ ಕಟ್ಟಿ ದೂರ ಎಳೆಯುವುದೂ ಸಲ್ಲದು, ಇಂಜಿನ್ ನಿಂತಾಗ ಎಣ್ಣೆಯ ಪಂಪೂ ನಿಂತಿರುತ್ತದೆ, ಒಣಗೇ ತಿರುಗಿ ಸುಡುತ್ತದೆ. ಚಕ್ರಗಳು ನೆಲ ಮುಟ್ಟದಂತೆ ಲಾರಿಯ ಮೇಲೇರಿಸಿಯೇ ಸಾಗಿಸಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು, ಅಲ್ಲಾಗಲಿ ಇಲ್ಲಾಗಲಿ, ಸೀಟಿನ ಕೆಳಗಿನ ತುಕ್ಕು, ಬೆಲ್ಟಿನ ತುದಿಯ ಕೆಸರು ಗುರುತು ನೋಡದೆ ಮುಂಗಡ ಕೊಡಬಾರದು.

ಕೊನೆಗೂ ಗೇರ್‌ಬಾಕ್ಸ್ ಬಿಚ್ಚಲೇಬೇಕು ಎಂದಾದರೆ ಆಟೋಮ್ಯಾಟಿಕ್ ಕೆಲಸವನ್ನೇ ಮಾಡುವ ಗ್ಯಾರೇಜಿನ ಅಭಿಪ್ರಾಯವನ್ನೂ ಕೇಳಿ. ಕ್ಲಚ್ ತಟ್ಟೆ, ಸೀಲ್‌ಗಳನ್ನಷ್ಟೇ ಬದಲಿಸುತ್ತಾರೋ, ಟಾರ್ಕ್ ಕನ್ವರ್ಟರ್ ಮತ್ತು ಆಯಿಲ್ ಕೂಲರನ್ನೂ ಸ್ವಚ್ಛ ಮಾಡುತ್ತಾರೋ ಎಂದು ವಿಚಾರಿಸಿ. ಹಳೆಯ ಗೇರ್‌ಬಾಕ್ಸಿನ ಲೋಹದ ಪುಡಿ ಕೂಲರಿನಲ್ಲಿ ಕೂತಿದ್ದರೆ ಹೊಸದನ್ನೂ ಅದೇ ತಿನ್ನುತ್ತದೆ. ಬೇರೆ ಕಾರಿನಿಂದ ಬಿಚ್ಚಿದ ಗೇರ್‌ಬಾಕ್ಸ್ ಹಾಕುವುದಾದರೆ ಎಷ್ಟು ಕಿ.ಮೀ. ಓಡಿದ್ದು, ಎಷ್ಟು ತಿಂಗಳ ಗ್ಯಾರಂಟಿ ಎಂಬುದು ಬಿಲ್ಲಿನಲ್ಲಿ ಬರಲಿ. ತೆಗೆದ ಹಳೆಯ ಪಾರ್ಟ್‌ಗಳನ್ನು ಕೇಳಿ ಪಡೆಯಿರಿ. ಹಣ ಕೊಡುವ ಮೊದಲು, ತೊಂದರೆ ಕಾಣಿಸಿಕೊಳ್ಳುತ್ತಿದ್ದ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಮೆಕ್ಯಾನಿಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಓಡಿಸಿ. ಕಂಪ್ಯೂಟರು ಹೊಸ ಕ್ಲಚ್‌ಗಳಿಗೆ ಹೊಂದಿಕೊಳ್ಳುವವರೆಗೆ, ಮೊದಲ ಕೆಲವು ದಿನ ಗೇರ್ ಬದಲಾವಣೆ ತುಸು ಒರಟಾಗಿರಬಹುದು. ವಾರ ಕಳೆದರೂ ಹಾಗೇ ಇದ್ದರೆ ಬಿಲ್ ಹಿಡಿದು ವಾಪಸ್ ಹೋಗಿ.